ಛಾಯಾಚಿತ್ರಕ್ಕೆ ಬಣ್ಣ ತುಂಬಿದವರು

ಹಳೆಯ ಮನೆಗಳ ಗೋಡೆಯ ಮೇಲೆ ಒಮ್ಮೊಮ್ಮೆ ಒಂದು ವಿಶೇಷವಾದ ಫೋಟೋ ಕಣ್ಣಿಗೆ ಬೀಳುತ್ತದೆ. ಚಿತ್ರವೆಲ್ಲ ಕಪ್ಪು ಬಿಳುಪು. ಆದರೆ ಕೆನ್ನೆಯ ಮೇಲೆ ನಸುಗೆಂಪು, ಸೀರೆಯ ಅಂಚಿಗೆ ಹಳದಿ, ಬಳೆಗಳಿಗೆ ಹಸಿರು. ಇದು ಕ್ಯಾಮೆರಾ ಹಿಡಿದ ಬಣ್ಣವಲ್ಲ. ಫೋಟೋ ತೊಳೆದು ಒಣಗಿಸಿದ ಮೇಲೆ ಯಾರೋ ಒಬ್ಬರು ಕುಂಚ ಹಿಡಿದು ಕುಳಿತು ತುಂಬಿದ ಬಣ್ಣ. ಬಣ್ಣದ ಫಿಲ್ಮ್ ಬಳಕೆಗೆ ಬರುವ ಮುಂಚೆ ಸುಮಾರು ನೂರು ವರ್ಷ ಕಾಲ ಜನ ಕಂಡ ಬಣ್ಣದ ಫೋಟೋಗಳಲ್ಲಿ ಹೆಚ್ಚಿನವು ಇಂಥವೇ. ಫೋಟೋ ತೆಗೆದವರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಬಣ್ಣ ತುಂಬಿದವರ ಹೆಸರು ಸಿಗುವುದು ಅಪರೂಪ. ಅವರ ಕೆಲಸ ಎಂಥದ್ದಾಗಿತ್ತು ಎಂದು ತಿಳಿದುಕೊಂಡರೆ ಇದು ಎಷ್ಟು ಅನ್ಯಾಯವೆಂದು ನಮ್ಮ ವಿದ್ಯಾರ್ಥಿಗಳಿಗೆ ಅರ್ಥವಾದೀತು.

1839ರಲ್ಲಿ ಫ್ರಾನ್ಸಿನ ಲೂಯಿ ಡಾಗೆರ್ ಅವರ ವಿಧಾನ ಜಗತ್ತಿಗೆ ಪ್ರಕಟವಾಯಿತು. ತಾಮ್ರದ ತಗಡಿಗೆ ಬೆಳ್ಳಿಯ ಲೇಪ ಕೊಟ್ಟು, ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಅಯೋಡಿನ್ ಹೊಗೆ ಹಿಡಿಸಿ ಕ್ಯಾಮೆರಾದಲ್ಲಿ ಇಡುತ್ತಿದ್ದರು. ಬಳಿಕ ಪಾದರಸದ ಆವಿಯಲ್ಲಿ ಚಿತ್ರ ಮೂಡುತ್ತಿತ್ತು. ಉರ್ದುವಿನಲ್ಲಿ ಛಾಯಾಗ್ರಹಣಕ್ಕೆ 'ಅಕ್ಕಾಸಿ' ಎನ್ನುತ್ತೇವೆ. 'ಅಕ್ಸ್' ಎಂದರೆ ಪ್ರತಿಬಿಂಬ. ಡಾಗೆರ್ ಅವರ ತಗಡಿಗೆ ಈ ಮಾತು ಅಕ್ಷರಶಃ ಒಪ್ಪುತ್ತದೆ, ಏಕೆಂದರೆ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿದರೆ ನೋಡುವವರ ಮುಖವೇ ಅದರಲ್ಲಿ ಕಾಣುತ್ತದೆ. ಜನ ಬೆರಗಾದರು. ಬೆರಗಿನ ಜೊತೆಗೆ ದೂರೂ ಹುಟ್ಟಿತು: ಮುಖದಲ್ಲಿ ಜೀವಕಳೆಯೇ ಇಲ್ಲ!

ಬಣ್ಣ ಹಚ್ಚೋಣವೆಂದರೆ ತೊಂದರೆ ಇದ್ದದ್ದು ಅಲ್ಲಿಯೇ. ಆ ಚಿತ್ರ ತಗಡಿನ ಮೇಲೆ ಕುಳಿತ ಅತಿ ಸೂಕ್ಷ್ಮ ಕಣಗಳಿಂದ ಆದದ್ದು. ಬೆರಳು ತಾಗಿದರೂ ಅಳಿಸಿಹೋಗುತ್ತಿತ್ತು. ಒದ್ದೆ ಕುಂಚದಿಂದ ಒಂದು ಗೆರೆ ಎಳೆದರೆ ಕೆನ್ನೆಯೇ ಮಾಯ! ಸ್ವಿಟ್ಜರ್‌ಲೆಂಡಿನ ಚಿತ್ರಕಾರ ಯೋಹಾನ್ ಬಾಪ್ಟಿಸ್ಟ್ ಇಸೆನ್‌ರಿಂಗ್ ಅವರು ಗೋಂದಿನ ಪುಡಿ ಬೆರೆಸಿದ ಬಣ್ಣವನ್ನು ತಗಡಿನ ಮೇಲೆ ಉದುರಿಸಿ, ಶಾಖ ಕೊಟ್ಟು ಅಂಟಿಸುವ ದಾರಿ ಕಂಡರು. 1840ರಲ್ಲಿ ಫ್ರಾನ್ಸಿನ ಹಿಪ್ಪೊಲಿಟ್ ಫಿಜೋ ಎಂಬ ವಿಜ್ಞಾನಿ ಚಿನ್ನದ ಕ್ಲೋರೈಡ್ ದ್ರಾವಣವನ್ನು ತಗಡಿನ ಮೇಲೆ ಸುರಿದು ಕೆಳಗಿನಿಂದ ಕಾಯಿಸಿದಾಗ ಚಿತ್ರ ಗಟ್ಟಿಯಾಯಿತು. ಇದರಿಂದ ಬಣ್ಣಗಾರರಿಗೆ ದೊಡ್ಡ ಉಪಕಾರವಾಯಿತು. ಇಂಗ್ಲೆಂಡಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದ ರಿಚರ್ಡ್ ಬಿಯರ್ಡ್ ಅವರು 1842ರಲ್ಲಿ ಬಣ್ಣ ಹಚ್ಚುವ ವಿಧಾನಕ್ಕೆ ಪೇಟೆಂಟನ್ನೇ ಪಡೆದರು.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಉಸಿರಿನ ಉಪಯೋಗ. ಬಣ್ಣವನ್ನೂ ಒಣ ಗೋಂದನ್ನೂ ನುಣ್ಣಗೆ ಅರೆದು ಸೇರಿಸುತ್ತಿದ್ದರು. ಅಳಿಲಿನ ಕೂದಲಿನಂಥ ನವಿರಾದ ಕುಂಚದ ತುದಿಯಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ ಎತ್ತಿಕೊಂಡು ಕೆನ್ನೆಯ ಮೇಲೆ ಹಗುರವಾಗಿ ಇಡುತ್ತಿದ್ದರು. ಆಮೇಲೆ ಬಾಗಿ ತಗಡಿನ ಮೇಲೆ ಬಾಯಿಂದ ಉಸಿರು ಬಿಡುತ್ತಿದ್ದರು. ಆ ತೇವಕ್ಕೆ ಗೋಂದು ಕರಗಿ ಬಣ್ಣ ಹಿಡಿಯುತ್ತಿತ್ತು. ಬೇಕಾದರೆ ಇನ್ನೊಂದು ಪದರ, ಇನ್ನೊಂದು ಉಸಿರು. ಉಂಗುರ, ಸರಗಳಿಗೆ ಚಿನ್ನದ ಬಣ್ಣದ ಚುಕ್ಕೆ ಇಡುತ್ತಿದ್ದರು; ಕೆಲವರು ಸೂಜಿಯಂಥ ಮೊನೆಯಿಂದ ತಗಡನ್ನು ಚುಚ್ಚಿ ರತ್ನದ ಮಿನುಗು ತರುತ್ತಿದ್ದರು. ಬಣ್ಣ ಹಚ್ಚುವವರು ಫೋಟೋದಲ್ಲಿರುವ ವ್ಯಕ್ತಿಯನ್ನು ಎಷ್ಟೋ ಸಲ ನೋಡಿರುತ್ತಲೇ ಇರಲಿಲ್ಲ. ಕಣ್ಣು, ಕೂದಲು, ಉಡುಪಿನ ಬಣ್ಣ ಬರೆದಿಟ್ಟ ಚೀಟಿಯೇ ಆಧಾರ.

1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಅವರು ಮೊಟ್ಟೆಯ ಬಿಳಿಭಾಗ ಲೇಪಿಸಿದ ಆಲ್ಬುಮೆನ್ ಕಾಗದವನ್ನು ಬಳಕೆಗೆ ತಂದರು. ಅದರ ಹೊಳಪಿನ ಮೇಲೆ ಜಲವರ್ಣ ನಿಲ್ಲದೆ ಹನಿಗಟ್ಟುತ್ತಿತ್ತು. ಆದ್ದರಿಂದ ಬಣ್ಣಕ್ಕೆ ಎತ್ತಿನ ಪಿತ್ತರಸ ಬೆರೆಸುವ ರೂಢಿ ಬಂತು. 1861ರಲ್ಲಿ ಆಲ್ಫ್ರೆಡ್ ವಾಲ್ ಎಂಬವರು ಈ ವಿದ್ಯೆಗೆಂದೇ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಪ್ರಕಟಿಸಿದರು. ಆದರೂ ಚಿತ್ರಕಾರರಿಗೆ ಇದು ಚಿತ್ರವಲ್ಲ, ಛಾಯಾಗ್ರಾಹಕರಿಗೆ ಇದು ಫೋಟೋ ಅಲ್ಲ!

ಈ ಕಲೆ ಉತ್ತುಂಗಕ್ಕೇರಿದ್ದು ಜಪಾನಿನ ಯೊಕೊಹಾಮ ಬಂದರಿನಲ್ಲಿ. 1863ರಲ್ಲಿ ಅಲ್ಲಿಗೆ ಬಂದ ಫೆಲಿಚೆ ಬಿಯಾಟೊ ಅವರು ಸ್ಥಳೀಯ ಕಲಾವಿದರನ್ನು ಕೆಲಸಕ್ಕೆ ಇಟ್ಟುಕೊಂಡರು. ಮರದ ಅಚ್ಚಿನ ಚಿತ್ರಗಳ ಪರಂಪರೆಯಲ್ಲಿ ಪಳಗಿದ ಕೈಗಳಿಗೆ ತೆಳುವಾದ ಜಲವರ್ಣ ಹೊಸದೇನಲ್ಲ. ಅಲ್ಲಿನ ಒಳ್ಳೆಯ ಸ್ಟುಡಿಯೋಗಳಲ್ಲಿ ನುರಿತ ಕೈಯೂ ದಿನಕ್ಕೆ ಎರಡೋ ಮೂರೋ ಚಿತ್ರ ಮುಗಿಸಿದರೆ ಹೆಚ್ಚು. ಬಿಯಾಟೊ ಅವರಲ್ಲಿ ಬಣ್ಣ ಹಚ್ಚುತ್ತಿದ್ದ ಕುಸಾಕಬೆ ಕಿಂಬೇ ಮುಂದೆ ಸ್ವಂತ ಸ್ಟುಡಿಯೋ ತೆರೆದು ಹೆಸರು ಮಾಡಿದರು. ಉಳಿದವರ ಹೆಸರುಗಳು? ಇಂದು ಸಂಗ್ರಹಾಲಯಗಳಲ್ಲಿ ಆ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಸ್ಟುಡಿಯೋ ಮಾಲೀಕರ ಹೆಸರು ಮಾತ್ರ ಇರುತ್ತದೆ.

ಇದೇ ಬಿಯಾಟೊ ಜಪಾನಿಗೆ ಹೋಗುವ ಮುಂಚೆ, 1858ರಲ್ಲಿ, ದಂಗೆಯಿಂದ ಹಾಳಾದ ಲಖನೌ ನಗರದ ಫೋಟೋಗಳನ್ನು ತೆಗೆದಿದ್ದರು. ಅದಕ್ಕೂ ಮೊದಲೇ ಅಲ್ಲಿ ಅಹ್ಮದ್ ಅಲಿ ಖಾನ್ ಅವರು ಫೋಟೋ ತೆಗೆಯುತ್ತಿದ್ದರೆಂಬುದನ್ನು ನಾವು ಮರೆಯಬಾರದು.

ನಮ್ಮ ದೇಶದಲ್ಲಿ ಕ್ಯಾಮೆರಾ ಬಂದಾಗ ಆಸ್ಥಾನಗಳನ್ನು ನಂಬಿ ಬದುಕಿದ್ದ ಮಿನಿಯೇಚರ್ ಚಿತ್ರಕಾರರ ಅನ್ನಕ್ಕೆ ಕುತ್ತು ಬಂತು. ಅವರಲ್ಲಿ ಹಲವರು ಅದೇ ಕುಂಚ ಹಿಡಿದು ಫೋಟೋಗಳ ಕೆಲಸಕ್ಕೆ ಇಳಿದರು. ಯುರೋಪಿನವರಂತೆ ಇವರು ತೆಳುವಾಗಿ ಬಣ್ಣ ಹಚ್ಚಿ ಸುಮ್ಮನಾಗಲಿಲ್ಲ. ರಾಜಸ್ಥಾನದ ಅರಮನೆಗಳ ಚಿತ್ರಗಳಲ್ಲಿ ಫೋಟೋ ಇದೆಯೆಂಬುದೇ ತಿಳಿಯದಷ್ಟು ದಪ್ಪ ಬಣ್ಣವಿದೆ. ಸ್ಟುಡಿಯೋದ ಪರದೆ ಮುಚ್ಚಿಹೋಗಿ ಅಲ್ಲಿ ರತ್ನಗಂಬಳಿ, ಕಂಬ, ಉದ್ಯಾನ ಬಂದಿವೆ. ನಾಥದ್ವಾರದಲ್ಲಂತೂ ಭಕ್ತರ ಮುಖವನ್ನು ಫೋಟೋದಿಂದ ಕತ್ತರಿಸಿ ಶ್ರೀನಾಥಜಿಯ ಚಿತ್ರದಲ್ಲಿ ಅಂಟಿಸಿ, ಮೈಯನ್ನು ಕುಂಚದಿಂದಲೇ ಬರೆದು ಪೂರ್ತಿ ಮಾಡುತ್ತಿದ್ದರು. ಇದು ಫೋಟೋಗೆ ಮೋಸವೆಂದು ಕೆಲವರು ಹೇಳಿದ್ದುಂಟು. ನನಗೆ ಹಾಗೆ ಅನಿಸುವುದಿಲ್ಲ. ಕಲಿತ ವಿದ್ಯೆಯನ್ನು ಅವರು ಹೊಸ ಕಾಗದದ ಮೇಲೆ ಮುಂದುವರಿಸಿದರು, ಅಷ್ಟೆ.

1935ರಲ್ಲಿ ಕೊಡಾಕ್ರೋಮ್ ಫಿಲ್ಮ್ ಬಂದ ಮೇಲೆ ಈ ಕಸುಬು ನಿಧಾನವಾಗಿ ಇಳಿಮುಖವಾಯಿತು. ಆಲ್ಬುಮೆನ್ ಕಾಗದ ಕಾಲಕ್ರಮದಲ್ಲಿ ಹಳದಿಗಟ್ಟಿ ಮಾಸುತ್ತದೆ. ಹೀಗಾಗಿ ಉಳಿದುಬಂದಿರುವ ಅಂಥ ಕೆಲವು ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದ ಮುಖ ಮಸುಕಾಗಿದೆ. ಹೆಸರಿಲ್ಲದ ಕುಂಚ ಬರೆದ ರುಮಾಲು, ಮುತ್ತಿನ ಸರ ಮತ್ತು ಕತ್ತಿಯ ಹಿಡಿ ಈಗಲೂ ಸ್ಪಷ್ಟವಾಗಿ ಕಾಣುತ್ತವೆ.