ರೆಡ್ಡಿ, ಕೃಷ್ಣ (1925–2018)

ಇಂಟಾಗ್ಲಿಯೊ (ಕೊರೆದ ತಗಡಿನಿಂದ ಅಚ್ಚೊತ್ತುವ) ಮುದ್ರಣಕಲಾವಿದ, ಶಿಲ್ಪಿ. ಕೋಲಾರದ ನೆರೆಯ ಚಿತ್ತೂರು ಜಿಲ್ಲೆಯಲ್ಲಿ ಜನನ. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್, ಲಂಡನ್ನಿನಲ್ಲಿ ಹೆನ್ರಿ ಮೂರ್ ಬಳಿ ಕಲಿತು, ಪ್ಯಾರಿಸ್ಸಿನಲ್ಲಿ ಮುದ್ರಣಕಲಾವಿದ ಹೇಟರ್ ನಡೆಸುತ್ತಿದ್ದ ‘ಅಟೆಲಿಯೆ 17’ ಕಾರ್ಯಾಗಾರ ಸೇರಿದರು. ಅಲ್ಲಿ ಕೈಕೊ ಮೋತಿಯವರೊಂದಿಗೆ ರೂಪಿಸಿದ ಸ್ನಿಗ್ಧತಾ (ವಿಸ್ಕಾಸಿಟಿ) ಮುದ್ರಣ ವಿಧಾನವೇ ಇವರ ದೊಡ್ಡ ಕೊಡುಗೆ. ಲೋಹದ ತಗಡನ್ನು ಹಲವು ಆಳಗಳಿಗೆ ಕೊರೆದು, ಎಣ್ಣೆಯ ಪ್ರಮಾಣ ಬೇರೆ ಬೇರೆಯಾದ ಶಾಯಿಗಳನ್ನು ಮೆದು, ಗಡುಸು ರೋಲರುಗಳಿಂದ ಹಚ್ಚಿದರೆ ಅವು ಬೆರೆಯುವುದಿಲ್ಲ. ಒಂದೇ ತಗಡು ಒಂದೇ ಸಲಕ್ಕೆ ಹಲವು ಬಣ್ಣ ಮೂಡಿಸುತ್ತದೆ. ತಗಡನ್ನು ಇವರು ಶಿಲ್ಪವೆಂದೇ ಕೆತ್ತಿದರು. ಹಾಗಾಗಿ ಅಚ್ಚಿನಷ್ಟೇ ತಗಡೂ ನೋಡತಕ್ಕದ್ದು. ‘ವರ್ಲ್‌ಪೂಲ್’ (1963), 1968ರ ಪ್ಯಾರಿಸ್ ವಿದ್ಯಾರ್ಥಿ ಚಳವಳಿಯಿಂದ ಹುಟ್ಟಿದ ‘ಡೆಮಾನ್‌ಸ್ಟ್ರೇಟರ್ಸ್’, ಸರ್ಕಸ್ಸಿನ ‘ಗ್ರೇಟ್ ಕ್ಲೌನ್’ ಪ್ರಸಿದ್ಧ ಕೃತಿಗಳು. 1972ರಲ್ಲಿ ಪದ್ಮಶ್ರೀ ಪಡೆದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಬೋಧಿಸಿದರು.