ಕರ್ನಾಟಕದ ಪ್ರಾಥಮಿಕ ಶಾಲೆಗಳ ಹಾಜರಾತಿ, ಆರೋಗ್ಯ ಮತ್ತು ಸುರಕ್ಷತಾ ನಿಯಮಗಳು

ಕರ್ನಾಟಕದ ಪ್ರಾಥಮಿಕ ಶಾಲೆಗಳ ಹಾಜರಾತಿ, ಆರೋಗ್ಯ ಮತ್ತು ಸುರಕ್ಷತಾ ನಿಯಮಗಳು ಎಂದರೆ 1ರಿಂದ 8ನೆಯ ತರಗತಿಯವರೆಗಿನ ಮಕ್ಕಳು, ಅವರ ಪೋಷಕರು ಹಾಗೂ ಶಾಲೆಗಳಿಗೆ ಅನ್ವಯಿಸುವ ಕಾಯ್ದೆಗಳು, ಸರ್ಕಾರಿ ಆದೇಶಗಳು, ನ್ಯಾಯಾಲಯದ ನಿರ್ದೇಶನಗಳು ಮತ್ತು ಕಾರ್ಯಕ್ರಮಗಳ ಸಮೂಹ. ಇವೆಲ್ಲವೂ ಒಂದೇ ಪುಸ್ತಕದಲ್ಲಿ ದೊರೆಯುವುದಿಲ್ಲ. ಶಿಕ್ಷಣ, ಆರೋಗ್ಯ, ಸಾರಿಗೆ ಮತ್ತು ಗೃಹ ಇಲಾಖೆಗಳು ಬೇರೆ ಬೇರೆ ಕಾಲದಲ್ಲಿ ರೂಪಿಸಿದ ನಿಯಮಗಳು ಶಾಲೆಯ ಬಾಗಿಲಲ್ಲಿ ಒಂದಾಗಿ ಸೇರುತ್ತವೆ. ಇವುಗಳಿಗೆ ಮುಖ್ಯ ಆಧಾರ 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ. ಗೈರುಹಾಜರಾದ ಮಗುವನ್ನು ಶಿಕ್ಷಿಸುವುದಕ್ಕಿಂತ, ಅದು ಶಾಲೆಯಿಂದ ಶಾಶ್ವತವಾಗಿ ದೂರವಾಗುವ ಮೊದಲೇ ಗುರುತಿಸಿ ಮರಳಿ ಕರೆತರುವುದು ಈ ವ್ಯವಸ್ಥೆಯ ಆಶಯವಾಗಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕುರಿತು 1961ರಲ್ಲಿಯೇ ಕಾಯ್ದೆ ರಚನೆಯಾಗಿತ್ತು. ಮಗುವನ್ನು ಶಾಲೆಗೆ ಕಳುಹಿಸುವ ಹೊಣೆಯನ್ನು ಅಂದಿನ ಕಾನೂನು ಮುಖ್ಯವಾಗಿ ಪೋಷಕರ ಮೇಲೆ ಹೊರಿಸಿತ್ತು. 2002ರಲ್ಲಿ ಸಂವಿಧಾನದ 86ನೆಯ ತಿದ್ದುಪಡಿಯ ಮೂಲಕ 21ಎ ವಿಧಿ ಸೇರ್ಪಡೆಯಾಗಿ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಯಿತು. ಅದೇ ತಿದ್ದುಪಡಿಯು ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದನ್ನು ಪೋಷಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಹೊಣೆಗಾರಿಕೆಯ ಸ್ವರೂಪವನ್ನು ಬದಲಿಸಿತು. ಕಾಯ್ದೆಯ 10ನೆಯ ಕಲಂ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆಯಾದರೂ ತಪ್ಪಿದವರಿಗೆ ದಂಡವನ್ನು ವಿಧಿಸುವುದಿಲ್ಲ. ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣದ ಪೂರ್ಣಗೊಳಿಸುವಿಕೆಯನ್ನು ಖಾತ್ರಿಪಡಿಸುವ ಹೊಣೆಯನ್ನು ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರಗಳ ಮೇಲೆ ಇರಿಸುತ್ತದೆ.

ದಾಖಲಾತಿ

ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಬೇರೆ ಶಾಲೆಯಿಂದ ಬರುವ ಮಗುವಿನ ವರ್ಗಾವಣೆ ಪತ್ರ (ಟಿ.ಸಿ.) ತಡವಾದರೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ. ಪ್ರವೇಶಕ್ಕಾಗಿ ಮಗುವಿಗೆ ಅಥವಾ ಪೋಷಕರಿಗೆ ಪರೀಕ್ಷೆ, ಸಂದರ್ಶನ ನಡೆಸುವುದು ಹಾಗೂ ವಂತಿಗೆ ಪಡೆಯುವುದು ನಿಷಿದ್ಧ. ಶಾಲೆಗೆ ಸೇರದೆ ಉಳಿದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಕಲಿಕೆಗೆ ವಿಶೇಷ ತರಬೇತಿ ನೀಡಬೇಕು. ಇಂತಹ ಮಕ್ಕಳಿಗಾಗಿ ರಾಜ್ಯದಲ್ಲಿ ‘ಚಿಣ್ಣರ ಅಂಗಳ’ ಮುಂತಾದ ಸೇತುಬಂಧ ಶಿಬಿರಗಳು ನಡೆದಿವೆ.

ಹಾಜರಾತಿ

ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನಗಳು ಮತ್ತು 800 ಬೋಧನಾ ಗಂಟೆಗಳು, 6ರಿಂದ 8ನೆಯ ತರಗತಿಗೆ 220 ದಿನಗಳು ಮತ್ತು 1000 ಗಂಟೆಗಳು ಇರಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಭಾರೀ ಮಳೆಯಾದಾಗ ಜಿಲ್ಲಾಡಳಿತವು ರಜೆ ಘೋಷಿಸುತ್ತದೆ. ಹೀಗೆ ಕಳೆದುಹೋದ ದಿನಗಳನ್ನು ಶನಿವಾರದ ಪೂರ್ಣ ತರಗತಿ ಅಥವಾ ರಜಾದಿನದ ತರಗತಿಗಳ ಮೂಲಕ ಸರಿದೂಗಿಸುವ ರೂಢಿಯಿದೆ.

ಏಳು ದಿನಗಳ ನಿಯಮ

2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಸಮಸ್ಯೆಯನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಕೈಗೆತ್ತಿಕೊಂಡಿತು. ಅದುವರೆಗೆ ಸತತ 60 ದಿನ ಬಾರದ ಮಗುವನ್ನು ಮಾತ್ರ ಶಾಲೆ ಬಿಟ್ಟ ಮಗುವೆಂದು ಎಣಿಸಲಾಗುತ್ತಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕುಟುಂಬವು ಊರು ಬಿಟ್ಟಿರಬಹುದು, ಅಥವಾ ಮಗು ಕೆಲಸಕ್ಕೆ ಸೇರಿರಬಹುದು. ಪ್ರಕರಣದ ತರುವಾಯ ಈ ಅವಧಿಯನ್ನು ಏಳು ದಿನಗಳಿಗೆ ಇಳಿಸಲಾಯಿತು. ಸತತವಾಗಿ ಏಳು ದಿನ ಬಾರದ ಮಗುವಿನ ವಿಷಯದಲ್ಲಿ ಶಾಲೆಯು ವಿಚಾರಣೆ ನಡೆಸಿ, ಮನೆಯವರನ್ನು ಸಂಪರ್ಕಿಸಿ, ಮೇಲಧಿಕಾರಿಗಳ ಗಮನಕ್ಕೆ ತರಬೇಕಾಗುತ್ತದೆ.

ಈ ನಿಯಮದಿಂದಾಗಿ ಪೋಷಕರು ಶಾಲೆಗೆ ಕಳುಹಿಸುವ ಒಂದು ಚೀಟಿ ಅಥವಾ ದೂರವಾಣಿ ಕರೆಗೆ ಮಹತ್ವ ಬಂದಿದೆ. ಜ್ವರದಿಂದ ಮಲಗಿರುವ ಮಗುವೂ ಇಟ್ಟಿಗೆಗೂಡಿಗೆ ಹೋಗಿರುವ ಮಗುವೂ ಹಾಜರಿ ಪುಸ್ತಕದಲ್ಲಿ ಒಂದೇ ಗುರುತಿನಿಂದ ದಾಖಲಾಗುತ್ತಾರೆ. ಅವರಿಬ್ಬರ ನಡುವಿನ ವ್ಯತ್ಯಾಸವನ್ನು ಶಾಲೆಗೆ ತಿಳಿಸುವುದು ಮನೆಯಿಂದ ಬರುವ ಮಾಹಿತಿ ಮಾತ್ರ. ಆದುದರಿಂದ ಗೈರುಹಾಜರಿಯ ಕಾರಣವನ್ನು ಮೊದಲ ದಿನವೇ ತಿಳಿಸುವುದು ಅಪೇಕ್ಷಣೀಯವೆಂದು ಪರಿಗಣಿಸಲಾಗುತ್ತದೆ. ಹಾಜರಾತಿಯ ಕುರಿತು ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸುವುದು 24ನೆಯ ಕಲಮಿನ ಪ್ರಕಾರ ಶಿಕ್ಷಕರ ಕರ್ತವ್ಯವೂ ಆಗಿದೆ.

ಗೈರುಹಾಜರಿಯ ಕಾರಣಕ್ಕಾಗಿ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವುದೇ ಮಗುವನ್ನು ಹೊರಹಾಕುವುದನ್ನು 16ನೆಯ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯು 5 ಮತ್ತು 8ನೆಯ ತರಗತಿಗಳಲ್ಲಿ ಮಗುವನ್ನು ಅನುತ್ತೀರ್ಣಗೊಳಿಸುವ ಅಧಿಕಾರವನ್ನು ಸರ್ಕಾರಗಳಿಗೆ ನೀಡಿತಾದರೂ ಹೊರಹಾಕುವುದರ ಮೇಲಿನ ನಿಷೇಧ ಹಾಗೆಯೇ ಉಳಿದಿದೆ.

ಗುಳೆ ಮತ್ತು ಬಾಲಕಾರ್ಮಿಕ ಪದ್ಧತಿ

ರಾಯಚೂರು, ಯಾದಗಿರಿ, ಕಲಬುರಗಿ ಮೊದಲಾದ ಜಿಲ್ಲೆಗಳಿಂದ ಸುಗ್ಗಿಯ ನಂತರ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳ ಮಕ್ಕಳು ದೀರ್ಘಕಾಲ ಗೈರಾಗುತ್ತಾರೆ. ವಲಸೆ ಬಂದ ಮಕ್ಕಳಿಗೆ ಪ್ರವೇಶ ನೀಡುವುದು ಅವರು ಬಂದು ನೆಲೆಸಿದ ಊರಿನ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಊರಿನಲ್ಲಿಯೇ ಉಳಿಯುವ ಮಕ್ಕಳಿಗೆ ಋತುಮಾನದ ವಸತಿ ಶಾಲೆಗಳನ್ನೂ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಟೆಂಟ್ ಶಾಲೆಗಳನ್ನೂ ನಡೆಸಲಾಗಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತದೆ. ಅಪಾಯಕಾರಿಯಲ್ಲದ ಕುಟುಂಬದ ಉದ್ಯೋಗದಲ್ಲಿ ನೆರವಾಗಲು ಅವಕಾಶವಿದ್ದರೂ ಅದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ.

ಆರೋಗ್ಯ

ಅನಾರೋಗ್ಯದಲ್ಲಿ ರಜೆ

ಸೋಂಕು ರೋಗವಿರುವ ಮಗುವನ್ನು ಶಾಲೆಗೆ ಕಳುಹಿಸದಿರುವುದು ಹಾಜರಾತಿ ನಿಯಮಕ್ಕೆ ವಿರುದ್ಧವಲ್ಲ. ದಡಾರದಲ್ಲಿ ಗುಳ್ಳೆಗಳು ಕಾಣಿಸಿಕೊಂಡ ನಂತರ ನಾಲ್ಕು ದಿನ, ಮಂಗನಬಾವಿನಲ್ಲಿ ಊತ ಆರಂಭವಾದ ನಂತರ ಐದು ದಿನ, ಸೀತಾಳೆ ಸಿಡುಬಿನಲ್ಲಿ ಎಲ್ಲ ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ಮಗುವನ್ನು ಮನೆಯಲ್ಲಿ ಇರಿಸುವಂತೆ ವೈದ್ಯರು ಸಲಹೆ ನೀಡುತ್ತಾರೆ. 2025ರ ಮೇ ಅಂತ್ಯದಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಕಾಣಿಸಿಕೊಂಡಾಗ, ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳುಹಿಸಬಾರದೆಂದು ರಾಜ್ಯ ಸರ್ಕಾರ ಪೋಷಕರಿಗೆ ಸೂಚಿಸಿತು. ಲಕ್ಷಣಗಳೊಂದಿಗೆ ಬಂದ ಮಗುವಿನ ಪೋಷಕರಿಗೆ ತಿಳಿಸಿ ಮನೆಗೆ ಕಳುಹಿಸುವಂತೆ ಶಾಲೆಗಳಿಗೂ ಸೂಚನೆ ನೀಡಲಾಗಿತ್ತು.

ತಪಾಸಣೆ, ಮಾತ್ರೆ ಮತ್ತು ಲಸಿಕೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸಂಚಾರಿ ವೈದ್ಯ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತವೆ. ಹುಟ್ಟಿನಿಂದ ಬಂದ ನ್ಯೂನತೆ, ಪೋಷಕಾಂಶಗಳ ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ಕುಂಠಿತ, ಈ ನಾಲ್ಕನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳುಹಿಸುವುದು ಇದರ ಉದ್ದೇಶ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯನ್ನು ಶಾಲೆಯಲ್ಲಿಯೇ, ಶಿಕ್ಷಕರ ಎದುರಿನಲ್ಲಿ ಅಗಿದು ನುಂಗಿಸಲಾಗುತ್ತದೆ. ಆ ದಿನ ಅಸ್ವಸ್ಥರಾಗಿರುವ ಮಕ್ಕಳಿಗೆ ಮಾತ್ರೆ ನೀಡುವುದಿಲ್ಲ. ಗೈರಾದವರಿಗೂ ಅಸ್ವಸ್ಥರಿಗೂ ನಂತರ ಮತ್ತೊಂದು ದಿನ ನಿಗದಿಯಾಗಿರುತ್ತದೆ. ರಕ್ತಹೀನತೆ ತಡೆಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ನೀಡಲಾಗುತ್ತದೆ. 5ರಿಂದ 9 ವರ್ಷದವರಿಗೆ ಗುಲಾಬಿ ಬಣ್ಣದ, ಅದಕ್ಕಿಂತ ದೊಡ್ಡವರಿಗೆ ನೀಲಿ ಬಣ್ಣದ ಮಾತ್ರೆಗಳಿವೆ. ಇದನ್ನು ಬರಿ ಹೊಟ್ಟೆಯಲ್ಲಿ ಸೇವಿಸಿದರೆ ಹೊಟ್ಟೆ ತೊಳಸಬಹುದಾದ್ದರಿಂದ ಊಟದ ನಂತರವೇ ಕೊಡಬೇಕು. ಮಾತ್ರೆ ಸೇವಿಸಿದ ಮೇಲೆ ಮಲ ಕಪ್ಪಾಗುವುದು ಅಪಾಯದ ಲಕ್ಷಣವಲ್ಲ. ಮಗುವಿಗೆ ಔಷಧದ ಅಲರ್ಜಿ, ಮೂರ್ಛೆರೋಗ, ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದಲ್ಲಿ ಪೋಷಕರು ಅದನ್ನು ಮುಂಚಿತವಾಗಿ ಶಾಲೆಗೆ ತಿಳಿಸುವುದು ಅಗತ್ಯ.

ಶಾಲಾ ವಯಸ್ಸಿನ ಲಸಿಕೆಗಳಲ್ಲಿ 5–6 ವರ್ಷದ ಡಿಪಿಟಿ ಬೂಸ್ಟರ್ ಹಾಗೂ 10 ವರ್ಷದ ಟಿಡಿ ಚುಚ್ಚುಮದ್ದು ಮುಖ್ಯವಾದವು. 2017ರಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನವು ರಾಜ್ಯದ ಶಾಲೆಗಳಲ್ಲಿ ನಡೆಯಿತು.

ಬಿಸಿಯೂಟ

ಬೇಯಿಸಿದ ಆಹಾರವನ್ನು ಶಾಲೆಗಳಲ್ಲಿ ನೀಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ವನ್ನು ಆರಂಭಿಸಿ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. ಊಟದಲ್ಲಿ 1ರಿಂದ 5ನೆಯ ತರಗತಿಯವರಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, 6ರಿಂದ 8ನೆಯ ತರಗತಿಯವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕು. 2013ರ ಆಗಸ್ಟ್ 1ರಂದು ಆರಂಭವಾದ ‘ಕ್ಷೀರ ಭಾಗ್ಯ’ದಲ್ಲಿ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ನೀಡಲಾಗುತ್ತದೆ. 2021ರಲ್ಲಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ವಿತರಣೆ ಆರಂಭವಾದಾಗ ಕೆಲವು ಮಠಾಧೀಶರಿಂದ ವಿರೋಧ ವ್ಯಕ್ತವಾಯಿತು. ನಂತರ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಣೆಯಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ದೊರೆಯುತ್ತದೆ.

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಮೃತಪಟ್ಟರು. ಆ ದುರಂತದ ನಂತರ ಆಹಾರ ಸುರಕ್ಷತೆಯ ನಿಯಮಗಳು ದೇಶಾದ್ಯಂತ ಬಿಗಿಯಾದವು. ಬಡಿಸುವ ಮೊದಲು ಶಿಕ್ಷಕರೂ ಸೇರಿದಂತೆ ವಯಸ್ಕರು ರುಚಿ ನೋಡಬೇಕು. ಪೋಷಕರಿಗೂ ಬಂದು ರುಚಿ ನೋಡುವ ಅವಕಾಶವಿದೆ. 2015ರ ಮಧ್ಯಾಹ್ನದ ಊಟ ನಿಯಮಗಳ ಪ್ರಕಾರ, ಧಾನ್ಯ, ಇಂಧನ ಅಥವಾ ಅಡುಗೆಯವರ ಕೊರತೆಯಿಂದ ಶಾಲಾ ದಿನದಲ್ಲಿ ಊಟ ತಪ್ಪಿದರೆ ಮಗುವಿಗೆ ಆಹಾರ ಭತ್ಯೆ ಸಲ್ಲಬೇಕು.

ಸುರಕ್ಷತೆ

ಕಟ್ಟಡ ಮತ್ತು ದಾರಿ

ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಅಂಗವಿಕಲ ಮಕ್ಕಳಿಗೆ ಅಡೆತಡೆಯಿಲ್ಲದ ಪ್ರವೇಶ, ಆಟದ ಮೈದಾನ ಮತ್ತು ಆವರಣ ಗೋಡೆ ಅಥವಾ ಬೇಲಿಯನ್ನು ಶಿಕ್ಷಣ ಹಕ್ಕು ಕಾಯ್ದೆಯು ಕಡ್ಡಾಯಗೊಳಿಸಿದೆ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ತಗುಲಿ 94 ಮಕ್ಕಳು ಮೃತಪಟ್ಟ ನಂತರ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ನೀಡಿತು. ಶಿಕ್ಷಣ ಸಂಸ್ಥೆಗಳ ಸುತ್ತ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕಾಯ್ದೆ ನಿಷೇಧಿಸುತ್ತದೆ.

ಮಲೆನಾಡು ಮತ್ತು ಕರಾವಳಿಯ ಹಳ್ಳಿಗಳಲ್ಲಿ ಶಾಲೆಯ ದಾರಿಯೇ ಅಪಾಯಕಾರಿ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಹಳ್ಳಗಳನ್ನು ಮಕ್ಕಳು ಮರದ ಕಾಲುಸಂಕಗಳ ಮೇಲೆ ದಾಟಬೇಕಾಗುತ್ತದೆ.

ಶಾಲಾ ವಾಹನ

ಶಾಲಾ ವಾಹನಗಳ ಕುರಿತು ಸುಪ್ರೀಂ ಕೋರ್ಟ್ 1997ರಲ್ಲಿ ನಿರ್ದೇಶನಗಳನ್ನು ನೀಡಿತು. ಕರ್ನಾಟಕವು 2012ರಲ್ಲಿ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಹಳದಿ ಬಣ್ಣ, ವೇಗ ನಿಯಂತ್ರಕ, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಅಗ್ನಿಶಾಮಕ ಉಪಕರಣ, ಕಿಟಕಿಗೆ ಅಡ್ಡ ಸರಳುಗಳು, ಅನುಭವಿ ಚಾಲಕ ಹಾಗೂ ಸಹಾಯಕರ ಉಪಸ್ಥಿತಿ ಇವುಗಳಲ್ಲಿ ಮುಖ್ಯವಾದವು. ದ್ವಿಚಕ್ರ ವಾಹನದಲ್ಲಿ ಮಗುವನ್ನು ಕರೆತರುವ ಪೋಷಕರಿಗೂ ನಿಯಮವಿದೆ: ನಾಲ್ಕು ವರ್ಷ ಮೀರಿದ ಪ್ರತಿಯೊಂದು ಮಗುವೂ ಹೆಲ್ಮೆಟ್ ಧರಿಸಬೇಕು.

ಹಿಂಸೆ ಮತ್ತು ದೌರ್ಜನ್ಯದಿಂದ ರಕ್ಷಣೆ

ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸುತ್ತದೆ. ಪೋಷಕರು ಒಪ್ಪಿಗೆ ನೀಡಿದ್ದರೂ ಬೆತ್ತದ ಏಟು ಕಾನೂನುಬದ್ಧವಾಗುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ಇರುವ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ಸಂಸ್ಥೆಯ ಗೌರವ ಕಾಪಾಡುವ ನೆಪದಲ್ಲಿ ಮುಚ್ಚಿಡುವುದು ಶಿಕ್ಷಾರ್ಹ ಅಪರಾಧ. ರಾಜ್ಯವು 2016ರಲ್ಲಿ ಶಿಕ್ಷಣ ಸಂಸ್ಥೆಗಳಿಗಾಗಿ ಮಕ್ಕಳ ರಕ್ಷಣಾ ನೀತಿಯನ್ನು ಹೊರತಂದಿತು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಉಚಿತವಾಗಿ ಕರೆ ಮಾಡಬಹುದು.

ಶಾಲಾ ಚೀಲದ ತೂಕ

2019ರ ರಾಜ್ಯ ಸರ್ಕಾರದ ಸುತ್ತೋಲೆಯ ಪ್ರಕಾರ ಚೀಲದ ಭಾರವು ಮಗುವಿನ ತೂಕದ ಶೇ. 10ನ್ನು ಮೀರಬಾರದು. 1–2ನೆಯ ತರಗತಿಗೆ 1.5ರಿಂದ 2 ಕಿಲೋಗ್ರಾಂ, 3–5ನೆಯ ತರಗತಿಗೆ 2ರಿಂದ 3, 6–8ನೆಯ ತರಗತಿಗೆ 3ರಿಂದ 4 ಕಿಲೋಗ್ರಾಂ ಮಿತಿಯಿದೆ.

ಪೋಷಕರ ಪಾತ್ರ

ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಕಾರ್ಯನಿರ್ವಹಿಸುತ್ತದೆ. ಕರ್ನಾಟಕದಲ್ಲಿ ಇದು 2001ರಲ್ಲಿಯೇ ಜಾರಿಗೆ ಬಂದಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯಲ್ಲಿ ನಾಲ್ಕನೆಯ ಮೂರು ಭಾಗ ಪೋಷಕರು ಹಾಗೂ ಅರ್ಧದಷ್ಟು ಮಹಿಳೆಯರು ಇರಬೇಕು. ಶೌಚಾಲಯದ ಸ್ಥಿತಿ, ಊಟದ ಗುಣಮಟ್ಟ, ಮಕ್ಕಳ ಮತ್ತು ಶಿಕ್ಷಕರ ಹಾಜರಾತಿ ಇದರ ಪರಿಶೀಲನೆಯ ವ್ಯಾಪ್ತಿಗೆ ಬರುತ್ತವೆ. ದೂರುಗಳನ್ನು ಮುಖ್ಯೋಪಾಧ್ಯಾಯರು, ಕ್ಷೇತ್ರ ಶಿಕ್ಷಣಾಧಿಕಾರಿ ಅಥವಾ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಸಲ್ಲಿಸಬಹುದು.

ಸವಾಲುಗಳು

ನಿಯಮಗಳು ಪರಸ್ಪರ ಅವಲಂಬಿತವಾಗಿರುವುದೇ ಅನುಷ್ಠಾನದ ಮುಖ್ಯ ತೊಡಕು. ನೀರಿಲ್ಲದ ಶೌಚಾಲಯವು ಹೆಣ್ಣುಮಕ್ಕಳ ಗೈರುಹಾಜರಿಗೆ, ಬಸ್ಸಿಲ್ಲದ ದಾರಿಯು ಹಿರಿಯ ಪ್ರಾಥಮಿಕ ಹಂತದಲ್ಲಿ ಶಾಲೆ ಬಿಡುವುದಕ್ಕೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯು ಹಿರಿಯ ಮಗಳ ಓದು ನಿಲ್ಲುವುದಕ್ಕೆ ಕಾರಣವಾಗುತ್ತದೆ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪಾಠವನ್ನು ಬಿಟ್ಟು ಬಾರದ ಮಗುವಿನ ಮನೆಗೆ ಹೋಗುವುದು ಕಷ್ಟಸಾಧ್ಯ.

ಕೋವಿಡ್ ಕಾಲದಲ್ಲಿ ಈ ಅವಲಂಬನೆ ಸ್ಪಷ್ಟವಾಗಿ ಗೋಚರಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೆಯ ತರಗತಿಗಳು ಪುನರಾರಂಭವಾದದ್ದು 2021ರ ಅಕ್ಟೋಬರ್ 25ರಂದು. ‘ವಿದ್ಯಾಗಮ’ದ ಮೂಲಕ ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಕಲಿಸಲು ಯತ್ನಿಸಿದರು. ಆರೋಗ್ಯ ರಕ್ಷಣೆಗಾಗಿ ಕೈಗೊಂಡ ಕ್ರಮವೇ ಕಲಿಕೆಯ ಜೊತೆಗೆ ಬಿಸಿಯೂಟವನ್ನೂ ವಾರದ ಮಾತ್ರೆಯನ್ನೂ ಶಿಕ್ಷಕರ ನಿತ್ಯದ ಗಮನವನ್ನೂ ಮಕ್ಕಳಿಂದ ದೂರ ಮಾಡಿತ್ತು.

ಇವನ್ನೂ ನೋಡಿ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009
ಅಕ್ಷರ ದಾಸೋಹ
ಕ್ಷೀರ ಭಾಗ್ಯ
ಪೋಕ್ಸೊ ಕಾಯ್ದೆ, 2012
ಕರ್ನಾಟಕದಲ್ಲಿ ಶಿಕ್ಷಣ