ರೋಗಪತ್ತೆ ಪರೀಕ್ಷೆ: ನಂಬಿಕೆಗೆ ಅರ್ಹವೆಂದು ತಿಳಿಯುವುದು ಹೇಗೆ?

ವಿಜಯಪುರ: ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಕ್ಷಯರೋಗದ ಪರೀಕ್ಷೆ ಮಾಡಿಸಬೇಕೆಂಬುದು ಬಹುತೇಕರಿಗೆ ತಿಳಿದ ವಿಷಯ. ಆದರೆ ಆ ಪರೀಕ್ಷೆಯೇ ಎಷ್ಟರಮಟ್ಟಿಗೆ ನಿಜ ಹೇಳುತ್ತದೆ ಎಂಬ ಪ್ರಶ್ನೆ ಎದ್ದೇಳುವುದು ವಿರಳ. ವರದಿ ತಪ್ಪಿದರೆ ರೋಗವಿಲ್ಲದವರು ತಿಂಗಳುಗಟ್ಟಲೆ ಔಷಧ ನುಂಗಬೇಕಾಗುತ್ತದೆ. ರೋಗವಿದ್ದವರು ಚಿಕಿತ್ಸೆಯಿಲ್ಲದೆ ಮನೆಗೆ ಮರಳುತ್ತಾರೆ, ಸೋಂಕು ಮನೆಮಂದಿಗೂ ಹರಡುತ್ತದೆ.

ಇದು ಬರಿಯ ಊಹೆಯಲ್ಲ. ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡಿ ಕ್ಷಯವನ್ನು ಗುರುತಿಸುವುದಾಗಿ ಹೇಳುವ ಕಿಟ್‌ಗಳು ದೇಶದ ಖಾಸಗಿ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದವು. ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿದ ವಿಶ್ವ ಆರೋಗ್ಯ ಸಂಸ್ಥೆಯು 2011ರ ಜುಲೈನಲ್ಲಿ ಇವುಗಳನ್ನು ಬಳಸಬಾರದೆಂದು ಹೇಳಿತು. 2012ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅವುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು.

ಮುನ್ನೋಟದ ಅಧ್ಯಯನ ಎಂದರೇನು?

ಪರೀಕ್ಷೆಯೊಂದನ್ನು ಅಳೆಯಲು ಸುಲಭದ ದಾರಿಯೊಂದಿದೆ. ರೋಗ ಖಚಿತವಾದ ಕೆಲವರನ್ನೂ ಸಂಪೂರ್ಣ ಆರೋಗ್ಯವಂತರಾದ ಕೆಲವರನ್ನೂ ಆರಿಸಿ ಹೋಲಿಸುವುದು. ಇಂತಹ ಹೋಲಿಕೆಯಲ್ಲಿ ಸಾಧಾರಣ ಪರೀಕ್ಷೆಯೂ ಉತ್ತಮವಾಗಿ ಕಾಣುತ್ತದೆ. ನಿಜವಾದ ಸವಾಲಿರುವುದು ರೋಗವಿದೆಯೋ ಇಲ್ಲವೋ ಎಂದು ವೈದ್ಯರಿಗೂ ಅನುಮಾನವಿರುವ ರೋಗಿಗಳಲ್ಲಿ.

ಮುನ್ನೋಟದ ಅಧ್ಯಯನವು ಇಂಥವರಿಂದಲೇ ಆರಂಭವಾಗುತ್ತದೆ. ಯಾರನ್ನು ಸೇರಿಸಿಕೊಳ್ಳಬೇಕು, ಯಾವ ಮಟ್ಟವನ್ನು ಪಾಸಿಟಿವ್ ಎನ್ನಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಲಕ್ಷಣಗಳೊಂದಿಗೆ ಬರುವವರನ್ನು ಆರಿಸದೆ, ಬಂದ ಕ್ರಮದಲ್ಲಿಯೇ, ಅವರ ಒಪ್ಪಿಗೆ ಪಡೆದು ಸೇರಿಸಲಾಗುತ್ತದೆ. ಪ್ರತಿಯೊಬ್ಬರಿಗೂ ಹೊಸ ಪರೀಕ್ಷೆಯ ಜೊತೆಗೆ ಪ್ರಮಾಣಿತ ಪರೀಕ್ಷೆಯೂ ನಡೆಯುತ್ತದೆ. ಕ್ಷಯದಲ್ಲಿ ಆ ಪ್ರಮಾಣವೆಂದರೆ ಕಫದಿಂದ ರೋಗಾಣುವನ್ನು ಬೆಳೆಸುವ ಕಲ್ಚರ್. ಇದಕ್ಕೆ ಆರು ವಾರಗಳವರೆಗೂ ಕಾಯಬೇಕಾಗಬಹುದು. ಒಂದರ ಫಲಿತಾಂಶ ಇನ್ನೊಂದನ್ನು ಓದುವವರಿಗೆ ತಿಳಿಯದಂತೆ ನೋಡಿಕೊಳ್ಳಲಾಗುತ್ತದೆ.

ಕೊನೆಗೆ ದೊರೆಯುವ ಮುಖ್ಯ ಅಂಕಿಗಳು ಎರಡು. ರೋಗವಿರುವವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯಿತೆಂಬುದು ಸೂಕ್ಷ್ಮತೆ. ರೋಗವಿಲ್ಲದವರಲ್ಲಿ ಎಷ್ಟು ಮಂದಿಗೆ ಸರಿಯಾಗಿ 'ಇಲ್ಲ' ಎಂದಿತೆಂಬುದು ನಿರ್ದಿಷ್ಟತೆ.

ಬೆಂಗಳೂರಿನ ಟ್ರೂನಾಟ್

ಇದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಗೋವಾದ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನಾಟ್, ಬ್ಯಾಟರಿಯಿಂದಲೂ ನಡೆಯುವ ಸಣ್ಣ ಯಂತ್ರ. ಇದನ್ನು ಭಾರತ, ಪೆರು, ಇಥಿಯೋಪಿಯ ಹಾಗೂ ಪಪುವಾ ನ್ಯೂಗಿನಿಗಳಲ್ಲಿ ಮುನ್ನೋಟದ ಅಧ್ಯಯನಕ್ಕೆ ಒಳಪಡಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಇದರ ಬಳಕೆಗೆ ಸಮ್ಮತಿಸಿತು. 2021ರಲ್ಲಿ ಅಧ್ಯಯನ ಪ್ರಕಟವಾಯಿತು.

ಕ್ಷಯದ ಲಕ್ಷಣಗಳಿದ್ದ 1,807 ಮಂದಿ ಇದರಲ್ಲಿ ಸೇರಿದ್ದರು. ಕಫ ಪರೀಕ್ಷಾ ಕೇಂದ್ರಗಳ ಮಟ್ಟದಲ್ಲಿ 'ಎಂಟಿಬಿ ಪ್ಲಸ್' ಪರೀಕ್ಷೆಯ ಸೂಕ್ಷ್ಮತೆ ಶೇ 80, ನಿರ್ದಿಷ್ಟತೆ ಶೇ 96 ಎಂದು ಕಂಡುಬಂದಿತು. ಆದರೆ ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಾಣಿಸದ ರೋಗಿಗಳಲ್ಲಿ ಸೂಕ್ಷ್ಮತೆ ಅರ್ಧಕ್ಕಿಂತ ಕಡಿಮೆಯಿತ್ತು. ಸರಾಸರಿಯೊಂದನ್ನೇ ನೋಡಿದ್ದರೆ ಈ ಸಂಗತಿ ಮರೆಯಾಗುತ್ತಿತ್ತು.

ಒಂದೇ ಪರೀಕ್ಷೆ, ಎರಡು ಅರ್ಥ

ಈ ಅಂಕಿಗಳನ್ನು ವಿಜಯಪುರ ಜಿಲ್ಲೆಗೆ ಅನ್ವಯಿಸಿ ನೋಡಬಹುದು. ಮುಂದಿನದು ಲೆಕ್ಕಕ್ಕಾಗಿ ಮಾಡಿಕೊಂಡ ಕಲ್ಪನೆಯೇ ಹೊರತು ಜಿಲ್ಲೆಯ ರೋಗಪ್ರಮಾಣವಲ್ಲ.

ವಿಜಯಪುರ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಬಲವಾದ ಲಕ್ಷಣಗಳಿರುವ 1,000 ಮಂದಿ ಬಂದರೆಂದೂ ಅವರಲ್ಲಿ 240 ಮಂದಿಗೆ ಕ್ಷಯವಿದೆಯೆಂದೂ ಭಾವಿಸೋಣ. ಪರೀಕ್ಷೆಯು 192 ರೋಗಿಗಳನ್ನು ಗುರುತಿಸುತ್ತದೆ. ರೋಗವಿಲ್ಲದ ಸುಮಾರು 30 ಮಂದಿಗೂ ಪಾಸಿಟಿವ್ ಎನ್ನುತ್ತದೆ. ಅಂದರೆ ಪಾಸಿಟಿವ್ ವರದಿಗಳಲ್ಲಿ ಶೇ 86ರಷ್ಟು ನಿಜ.

ಅದೇ ಯಂತ್ರವನ್ನು, ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರದ ಹಳ್ಳಿಗಳಿಗೆ ಒಯ್ದು, ಲಕ್ಷಣವಿಲ್ಲದವರನ್ನೂ ಸೇರಿಸಿ 1,000 ಮಂದಿಯನ್ನು ತಪಾಸಣೆ ಮಾಡಿದರೆ? ಅವರಲ್ಲಿ 10 ಮಂದಿಗೆ ಮಾತ್ರ ರೋಗವಿದ್ದಲ್ಲಿ, ಸಿಗುವ ಪಾಸಿಟಿವ್ ವರದಿಗಳು ಸುಮಾರು 48. ನಿಜವಾದ ರೋಗಿಗಳು ಅವರಲ್ಲಿ ಎಂಟು ಮಂದಿ. ಉಳಿದ 40 ವರದಿಗಳು ಹುಸಿ.

ಯಂತ್ರ ಬದಲಾಗಿಲ್ಲ, ಜನ ಬದಲಾಗಿದ್ದಾರೆ. ಆದ್ದರಿಂದಲೇ ನಗರದ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದ ಫಲಿತಾಂಶವನ್ನು ಗ್ರಾಮೀಣ ತಪಾಸಣಾ ಶಿಬಿರಕ್ಕೆ ಹಾಗೆಯೇ ಅನ್ವಯಿಸಲಾಗದು. ಪರೀಕ್ಷೆ ಬಳಕೆಯಾಗುವ ಜನರ ನಡುವೆಯೇ ಅಧ್ಯಯನ ನಡೆಯಬೇಕೆಂದು ಸಂಶೋಧಕರು ಒತ್ತಾಯಿಸುವುದೂ ಇದೇ ಕಾರಣಕ್ಕೆ.

ರೋಗಿಗಳು ತಿಳಿದಿರಬೇಕಾದದ್ದು ಇಷ್ಟೆ: ಶಿಬಿರದಲ್ಲಿ ಬಂದ ಪಾಸಿಟಿವ್ ವರದಿ ಅಂತಿಮ ತೀರ್ಪಲ್ಲ, ಮರುಪರೀಕ್ಷೆಗೆ ಸೂಚನೆ. ಹಾಗೆಯೇ ಕೆಮ್ಮು, ಜ್ವರ, ತೂಕ ಇಳಿಕೆ ಮುಂದುವರಿದಿದ್ದರೆ ನೆಗೆಟಿವ್ ವರದಿ ಕೈಯಲ್ಲಿದ್ದರೂ ವೈದ್ಯರನ್ನು ಮತ್ತೆ ಕಾಣಬೇಕು. ನಗರದ ಲೆಕ್ಕದಲ್ಲಿ ಪರೀಕ್ಷೆಯ ಕಣ್ತಪ್ಪಿಸಿದ 48 ರೋಗಿಗಳ ಕೈಯಲ್ಲಿದ್ದುದೂ ಅಂತಹದೇ ವರದಿ.